ಡೆನ್ಮಾರ್ಕಿನ ಸಹಕಾರಿಗಳು ಮಾಡಿಸಿದ ಊಟದ ಮೇಜು-ಕುರ್ಚಿ

ಕಾಯಿಕೊರಕ, ಕೊಳೆರೋಗ, ಬೋರ್ಡೋ ದ್ರಾವಣಗಳ ನಡುವೆ ಈ ಸಲ ಮೇಜು-ಕುರ್ಚಿಯ ಮಾತೇಕೆ ಎಂದು ಸದಸ್ಯ ಬಾಂಧವರು ಕೇಳಬಹುದು. ಕಾರಣವಿದೆ. ಎರಡು ಮೂರು ವರ್ಷಗಳಿಂದ ನಮ್ಮ ಸದಸ್ಯರಲ್ಲಿ ಹಲವರು ಪೇಟೆಯಿಂದ ಹೊಸ ಡೈನಿಂಗ್ ಸೆಟ್ಟು ತರಿಸಿ, ಒಂದೇ ಮಳೆಗಾಲಕ್ಕೆ ಅದರ ಅಂಚು ನೆನೆದ ಅವಲಕ್ಕಿಯಂತೆ ಉಬ್ಬಿದ್ದನ್ನು ಕಂಡಿದ್ದಾರೆ. ಅದೇ ಹೊತ್ತಿಗೆ ಅದೇ ಸದಸ್ಯರ ತೋಟದ ಸಿಲ್ವರ್ ಓಕ್ ಮರಗಳು ಟನ್ನಿನ ಲೆಕ್ಕದಲ್ಲಿ ಲಾರಿ ಹತ್ತಿ ಪ್ಲೈವುಡ್ ಕಾರ್ಖಾನೆಗೆ ಹೋಗಿವೆ. ಮರ ನಮ್ಮದು, ದುಡ್ಡೂ ನಮ್ಮದು, ಮನೆಗೆ ಬಂದದ್ದು ಮಾತ್ರ ಮರದ ಹುಡಿಯನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಇದು ಹೀಗೇ ಆಗಬೇಕೆಂದೇನೂ ಇರಲಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ, ಗಟ್ಟಿ ಮರದ ಊಟದ ಕುರ್ಚಿ-ಮೇಜುಗಳನ್ನು ಸಾಮಾನ್ಯ ಸಂಸಾರದ ಕೈಗೆ ಎಟುಕುವಂತೆ ಮಾಡಿಸಿದ ಒಂದು ಸಂಸ್ಥೆ ಇತ್ತು. ಅದು ನಮ್ಮಂಥದೇ ಒಂದು ಸಹಕಾರ ಸಂಸ್ಥೆ.

ಡೆನ್ಮಾರ್ಕ್ ನಮ್ಮ ರಾಜ್ಯದ ಕಾಲು ಭಾಗಕ್ಕಿಂತಲೂ ಚಿಕ್ಕ ದೇಶ. ಸಹಕಾರದ ವಿಷಯ ಬಂದಾಗ ಮಾತ್ರ ಅದನ್ನು ದೊಡ್ಡ ದೇಶವೆಂದೇ ಎಣಿಸಬೇಕು. 1866ರಲ್ಲಿ ಟಿಸ್ಟೆಡ್ ಎಂಬ ಊರಿನಲ್ಲಿ ಹಾನ್ಸ್ ಕ್ರಿಶ್ಚಿಯನ್ ಸೋನೆ ಎಂಬ ಪಾದ್ರಿ ಅಲ್ಲಿನ ಮೊದಲ ಬಳಕೆದಾರರ ಸಹಕಾರ ಅಂಗಡಿಯನ್ನು ಕಟ್ಟಿದರು. 1882ರಲ್ಲಿ ರೈತರ ಮೊದಲ ಸಹಕಾರ ಡೇರಿ ಬಂತು. ಹಳ್ಳಿಹಳ್ಳಿಯ ಅಂಗಡಿಗಳೆಲ್ಲ ಸೇರಿ 1896ರಲ್ಲಿ ಒಂದು ಮಹಾಮಂಡಲ ಮಾಡಿಕೊಂಡವು. ಅದರ ಹೆಸರಿನ ಮೊದಲಕ್ಷರಗಳು ಎಫ್.ಡಿ.ಬಿ. ಸಕ್ಕರೆ, ಸೋಪು, ಕಾಫಿ ಮಾರುತ್ತಿದ್ದ ಈ ಮಂಡಲಿ 1942ರಲ್ಲಿ ಪೀಠೋಪಕರಣ ವಿಭಾಗವನ್ನು ತೆರೆಯಿತು. ಆಗ ಡೆನ್ಮಾರ್ಕು ಜರ್ಮನ್ ಸೇನೆಯ ಹಿಡಿತದಲ್ಲಿತ್ತು. ಹೊರಗಿನಿಂದ ಬರುವ ಸರಕು ನಿಂತುಹೋಗಿತ್ತು. ಪಟ್ಟಣದ ಕೆಲಸಗಾರರ ಮನೆಗಳು ಎರಡು ಕೋಣೆಯವು. ಅಂಗಡಿಯಲ್ಲಿ ಸಿಗುತ್ತಿದ್ದವು ಮಾತ್ರ ಜಮೀನ್ದಾರರ ಮನೆಯ ಸಾಮಾನಿನ ಅಗ್ಗದ ನಕಲುಗಳು. ಮಂಡಲಿಯ ನಿರ್ದೇಶಕ ಫ್ರೆಡರಿಕ್ ನೀಲ್ಸೆನ್ ಅವರು ಈ ವಿಭಾಗದ ಹೊಣೆಯನ್ನು ವ್ಯಾಪಾರಿಗೆ ಕೊಡಲಿಲ್ಲ, ಬೋರ್ಗೆ ಮೋಗೆನ್ಸೆನ್ ಎಂಬ 28 ವರ್ಷದ ಬಡಗಿಗೆ ಕೊಟ್ಟರು. ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂತು ನೇಮಕಾತಿಗಳ ಕಷ್ಟ ಕಂಡಿರುವ ನನಗೆ, ಇಡೀ ಕಥೆಯಲ್ಲಿ ಅತಿ ಧೈರ್ಯದ ಹೆಜ್ಜೆ ಇದೇ ಎನ್ನಿಸುತ್ತದೆ.

ಮೋಗೆನ್ಸೆನ್ ಬಡಗಿ ಎಂದದ್ದು ಮಾತಿಗಲ್ಲ. ಆತ 1934ರಲ್ಲೇ ಕಸುಬಿನ ಪರೀಕ್ಷೆ ಮುಗಿಸಿದವನು. ಅನಂತರ ಕೋಪನ್‌ಹೇಗನ್ನಿಗೆ ಹೋಗಿ ಕೋರೆ ಕ್ಲಿಂಟ್ ಎಂಬ ಗುರುಗಳ ಬಳಿ ಕಲಿತ. ಅಲ್ಲಿನ ರಾಯಲ್ ಅಕಾಡೆಮಿಯಲ್ಲಿ 1924ರಲ್ಲಿ ಪೀಠೋಪಕರಣದ ಶಿಕ್ಷಣವನ್ನು ಆರಂಭಿಸಿದವರು ಈ ಕ್ಲಿಂಟ್. ಅವರ ಪಾಠ ಬಹಳ ಸರಳ: ಚಿತ್ರ ಬರೆಯುವ ಮೊದಲು ಅಳೆಯಿರಿ. ಮನುಷ್ಯ ಕೂತಾಗ ಮಂಡಿ ಎಷ್ಟು ಎತ್ತರಕ್ಕೆ ಬರುತ್ತದೆ, ಮೊಣಕೈ ಎಲ್ಲಿರುತ್ತದೆ, ಒಂದು ಸಂಸಾರದಲ್ಲಿ ತಟ್ಟೆ ಎಷ್ಟು, ಬಟ್ಟಲು ಎಷ್ಟು, ಅವನ್ನು ಪೇರಿಸಿದರೆ ಎಷ್ಟು ಜಾಗ ಬೇಕು, ಇದೆಲ್ಲ ಲೆಕ್ಕ ಹಾಕಿದ ಮೇಲೆ ಬೀರುವಿನ ಅಳತೆ ತಾನಾಗಿ ಬರುತ್ತದೆ ಎಂಬುದು ಅವರ ರೀತಿ. ಮೋಗೆನ್ಸೆನ್ ಇದನ್ನು ಬಿಡಲೇ ಇಲ್ಲ. 1950ರ ದಶಕದಲ್ಲಿ ಗ್ರೇಟ ಮೇಯರ್ ಎಂಬಾಕೆಯ ಜೊತೆಗೂಡಿ, ಒಂದು ಮನೆಯಲ್ಲಿ ಅಂಗಿ ಎಷ್ಟಿರುತ್ತವೆ, ಚಮಚ ಎಷ್ಟಿರುತ್ತವೆ ಎಂದು ಎಣಿಸಿ ಗೋಡೆಯ ಕಪಾಟುಗಳ ಅಳತೆ ಗೊತ್ತುಮಾಡಿದ. ನಮ್ಮ ಹಳೆಯ ಆಚಾರ್ರೂ ಕಣಜ, ಪತ್ತಾಯ ಮಾಡುವಾಗ ಮೊದಲು ಕೇಳುತ್ತಿದ್ದದ್ದು ಮನೆಗೆ ಭತ್ತ ಎಷ್ಟು ಬರುತ್ತದೆ ಎಂದೇ ಅಲ್ಲವೇ?

ಮೋಗೆನ್ಸೆನ್ 1947ರಲ್ಲಿ ಎಫ್.ಡಿ.ಬಿ.ಗೆ ಮಾಡಿಕೊಟ್ಟ ಊಟದ ಕುರ್ಚಿಯ ಸಂಖ್ಯೆ ಜೆ-39. ಜನ ಅದಕ್ಕೆ 'ಜನರ ಕುರ್ಚಿ' ಎಂದು ಹೆಸರಿಟ್ಟರು. ನೋಡಿದರೆ ಏನೂ ಇಲ್ಲ: ನಾಲ್ಕು ದುಂಡು ಕಾಲು, ಅವುಗಳ ನಡುವೆ ಅಡ್ಡಪಟ್ಟಿ, ಬೆನ್ನಿಗೆ ಸ್ವಲ್ಪ ಬಾಗಿದ ಒಂದು ಅಗಲವಾದ ಹಲಗೆ, ಕೂರಲು ಹಗ್ಗದ ಹೆಣಿಗೆ. ಅಮೆರಿಕದ ಶೇಕರ್ ಎಂಬ ಕ್ರೈಸ್ತ ಪಂಗಡದವರು ಹಿಂದೆ ಮಾಡುತ್ತಿದ್ದ ಸಾದಾ ಕುರ್ಚಿಗಳೇ ಇದಕ್ಕೆ ಪ್ರೇರಣೆ. ದುಂಡು ಕಾಲನ್ನು ಲೇತಿನಲ್ಲಿ ಬೇಗ ತಿರುಗಿಸಬಹುದು, ಆದ್ದರಿಂದ ಬೆಲೆ ಇಳಿಯುತ್ತದೆ. ಹೆಣಿಗೆಯನ್ನು ಮಾತ್ರ ಕೈಯಲ್ಲೇ ಮಾಡಬೇಕು. ಆ ಹಗ್ಗ ಕಾಗದದ್ದು ಎಂದರೆ ನಂಬುವುದು ಕಷ್ಟ! ಗಟ್ಟಿ ಕಾಗದವನ್ನು ಹುರಿ ಹೊಸೆದು ಮಾಡಿದ ಹಗ್ಗ ಅದು. ದಿನವೂ ಕೂತರೂ ಹಲವು ವರ್ಷ ಬಾಳುತ್ತದೆ, ಸವೆದರೆ ಚೌಕಟ್ಟನ್ನು ಹಾಗೇ ಇಟ್ಟುಕೊಂಡು ಹೊಸದಾಗಿ ಹೆಣೆಸಬಹುದು.

ಮರವೂ ಅವರ ನೆಲದ್ದೇ. ಬೀಚ್ ಎಂಬುದು ಡೆನ್ಮಾರ್ಕಿನ ಕಾಡಿನ ಸಾಮಾನ್ಯ ಮರ. ಬಿಳಿಚು ಬಣ್ಣ, ಗಟ್ಟಿ, ನಯವಾಗಿ ಕಡಿಯುತ್ತದೆ. ಆದರೆ ಹೊರಗೆ ಬಿಟ್ಟರೆ ಬೇಗ ಕೊಳೆಯುತ್ತದೆ, ತೇವಕ್ಕೆ ಬಹಳ ಹಿಗ್ಗುತ್ತದೆ. ಶ್ರೀಮಂತರ ಮನೆಯ ಮರ ಅದಲ್ಲ. ಅದೇ ಕಾಲದಲ್ಲಿ ಕೋಪನ್‌ಹೇಗನ್ನಿನ ಹೆಸರಾಂತ ಬಡಗಿಗಳು ಥಾಯ್ಲೆಂಡ್, ಬರ್ಮಾಗಳ ತೇಗವನ್ನೂ ಬ್ರೆಜಿಲ್ಲಿನ ಬೀಟೆಯನ್ನೂ ಬಳಸುತ್ತಿದ್ದರು. ಪರದೇಶಗಳಲ್ಲಿ ಡೇನಿಷ್ ಮೇಜು ಎಂದರೆ ತೇಗದ್ದೇ ಎಂಬ ಹೆಸರಾಯಿತು. ಸಹಕಾರ ಮಂಡಲಿ ತನ್ನ ಸದಸ್ಯರಿಗೆ ಕೊಟ್ಟದ್ದು ಬೀಚ್ ಮತ್ತು ಓಕ್. ಸಾದಾ ಮರಕ್ಕೆ ಒಳ್ಳೆಯ ಅಳತೆ, ಒಳ್ಳೆಯ ಕೂಡಿಕೆ ಸೇರಿದರೆ ಸಾಕು ಎಂಬ ಅವರ ಲೆಕ್ಕ ಸುಳ್ಳಾಗಲಿಲ್ಲ. ಆ ಕುರ್ಚಿಯನ್ನು ಇಂದಿಗೂ ಅಲ್ಲಿನ ಫ್ರೆಡೆರಿಸಿಯ ಕಂಪೆನಿ ತಯಾರಿಸುತ್ತಿದೆ.

ಮೋಗೆನ್ಸೆನ್‌ನ ಸಹಪಾಠಿ, ಆಪ್ತಗೆಳೆಯ ಹಾನ್ಸ್ ವೆಗ್ನರ್. ಚಪ್ಪಲಿ ಹೊಲಿಯುವವನ ಮಗ. 14ನೆಯ ವಯಸ್ಸಿಗೆ ಬಡಗಿಯ ಕೈಕೆಳಗೆ ಸೇರಿದವನು. 1944ರಲ್ಲಿ ಎಫ್.ಡಿ.ಬಿ.ಗಾಗಿ ಒಂದು ತೂಗುಕುರ್ಚಿ ಮಾಡಿಕೊಟ್ಟ. 1949ರಲ್ಲಿ ಈತ ರೂಪಿಸಿದ ದುಂಡುಬೆನ್ನಿನ ಕುರ್ಚಿ 1960ರ ಸೆಪ್ಟೆಂಬರಿನಲ್ಲಿ ಕೆನಡಿ-ನಿಕ್ಸನ್ ಅವರ ಟೆಲಿವಿಷನ್ ಚರ್ಚೆಯಲ್ಲಿ ಕಾಣಿಸಿಕೊಂಡು ಲೋಕಪ್ರಸಿದ್ಧವಾಯಿತು. ಅದೇ ವರ್ಷ ರೂಪಿಸಿದ, ಬೆನ್ನಿನಲ್ಲಿ ವೈ ಆಕಾರದ ಕವಲಿರುವ ಊಟದ ಕುರ್ಚಿ 1950ರಿಂದ ಇವತ್ತಿನವರೆಗೆ ನಿಲ್ಲದೆ ತಯಾರಾಗುತ್ತಿದೆ. ಅದರ ಕೂರುವ ಭಾಗಕ್ಕೆ ಸುಮಾರು 120 ಮೀಟರ್ ಕಾಗದದ ಹಗ್ಗ ಬೇಕು. ಪಳಗಿದ ಕೈಗೆ ಹೆಣೆಯಲು ಒಂದು ಗಂಟೆ.

ಇನ್ನು ಕಸುಬಿನ ಮಾತು. ಬೆಳೆಗಾರರು ಗಮನವಿಟ್ಟು ಓದಬೇಕಾದ ಭಾಗ ಇದೇ.

ಕಡಿದ ಮೇಲೂ ಮರ ಸುಮ್ಮನಿರುವುದಿಲ್ಲ. ಗಾಳಿಯಲ್ಲಿ ತೇವ ಹೆಚ್ಚಾದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನೂರು ವರ್ಷದ ಹಲಗೆಗೂ ಈ ಗುಣ ತಪ್ಪಿದ್ದಲ್ಲ. ಆದರೆ ಎಲ್ಲ ದಿಕ್ಕಿಗೂ ಸಮನಾಗಿ ಅಲ್ಲ. ಉದ್ದಕ್ಕೆ ಆಗುವ ವ್ಯತ್ಯಾಸ ಲೆಕ್ಕಕ್ಕಿಲ್ಲ. ತಿರುಳಿನಿಂದ ತೊಗಟೆಯ ಕಡೆಗೆ ಒಂದು ಪಾಲು ಆದರೆ, ಉಂಗುರಗಳ ಸುತ್ತಿನ ದಿಕ್ಕಿನಲ್ಲಿ ಸುಮಾರು ಎರಡು ಪಾಲು. ಮೂರಡಿ ಅಗಲದ ಮೇಜಿನ ಮೇಲ್ಹಲಗೆಯಲ್ಲಿ ತೇವಾಂಶ ಶೇ. 4ರಷ್ಟು ಏರಿಳಿದರೆ, ಸಾಮಾನ್ಯ ರೀತಿಯಲ್ಲಿ ಕೊಯ್ದ ಬೀಚ್ ಆದರೆ ಅರ್ಧ ಇಂಚಿನಷ್ಟು ಅಗಲ ಬದಲಾಗುತ್ತದೆ; ತೇಗವಾದರೆ ಕಾಲು ಇಂಚು. ತೇಗಕ್ಕೆ ಬೆಲೆ ಬಂದದ್ದು ಬಣ್ಣಕ್ಕಷ್ಟೇ ಅಲ್ಲ ಎಂಬುದು ಈ ಲೆಕ್ಕದಲ್ಲಿ ತಿಳಿಯುತ್ತದೆ. ನಮ್ಮ ಮಲೆನಾಡಿನಲ್ಲಿ ಜುಲೈ ತಿಂಗಳ ಮರಕ್ಕೂ ಮಾರ್ಚ್ ತಿಂಗಳ ಮರಕ್ಕೂ ಶೇ. 4ಕ್ಕಿಂತ ಹೆಚ್ಚೇ ಅಂತರವಿರುತ್ತದೆ.

ಈ ಚಲನೆಯನ್ನು ಮೊಳೆ ಹೊಡೆದು ತಡೆಯಲು ಹೋದರೆ ಮರ ಸೀಳುತ್ತದೆ. ಬಲ್ಲ ಬಡಗಿ ಅದಕ್ಕೆ ದಾರಿ ಬಿಡುತ್ತಾನೆ. ಒಳ್ಳೆಯ ಮೇಜನ್ನು ಬಗ್ಗಿ ಕೆಳಗಿನಿಂದ ನೋಡಿ. ಕಾಲುಗಳನ್ನು ಕೂಡಿಸುವ ಚೌಕಟ್ಟಿನ ಒಳಮೈಯಲ್ಲಿ ಉದ್ದಕ್ಕೆ ಒಂದು ಗಾಡಿ ಇರುತ್ತದೆ. ಮೇಲ್ಹಲಗೆಗೆ ತಿರುಪಿನಿಂದ ಬಿಗಿದ ಚಿಕ್ಕ ಮರದ ತುಂಡುಗಳ ಮೂಗು ಆ ಗಾಡಿಯಲ್ಲಿ ಕೂತಿರುತ್ತದೆ. ಹಲಗೆ ಹಿಗ್ಗಿದಾಗ ಮೂಗು ಗಾಡಿಯಲ್ಲಿ ಜಾರುತ್ತದೆ. ಹಲಗೆ ಮೇಲೇಳುವುದಿಲ್ಲ, ಸೀಳುವುದೂ ಇಲ್ಲ. ಕೆಲವರು ತಿರುಪಿನ ತೂತನ್ನೇ ದುಂಡಗೆ ಕೊರೆಯದೆ ಅಗಲದ ದಿಕ್ಕಿಗೆ ಉದ್ದವಾಗಿ ಕೊರೆಯುತ್ತಾರೆ. ಎರಡೂ ಇಲ್ಲದೆ, ಗಟ್ಟಿ ಹಲಗೆಯನ್ನು ಸುತ್ತಲೂ ಚೌಕಟ್ಟಿಗೆ ಅಂಟಿಸಿ ಬಿಗಿದಿದ್ದರೆ, ಅಂಗಡಿಯವನು ಎಷ್ಟೇ ವರ್ಷದ ಭರವಸೆ ಕೊಡಲಿ, ಎರಡನೆಯ ಬೇಸಿಗೆಗೆ ಬಿರುಕು ನಿಶ್ಚಯ.

ಕಾಲು ಮತ್ತು ಚೌಕಟ್ಟಿನ ಕೂಡಿಕೆಯನ್ನು ಅಲುಗಾಡಿಸಿ ನೋಡಬೇಕು. ಪಟ್ಟಿಯ ತುದಿಯನ್ನು ನಾಲಗೆಯಂತೆ ಕೊರೆದು, ಕಾಲಿನಲ್ಲಿ ಅದಕ್ಕೆ ಸರಿಯಾದ ಗುಳಿ ತೆಗೆದು ಕೂರಿಸಿದ್ದರೆ ಅದು ಬಾಳುವ ಕೆಲಸ. ಕುರ್ಚಿಯಲ್ಲಿ ಮೊದಲು ಸೋಲುವುದು ಹಿಂಗಾಲಿಗೆ ಪಕ್ಕದ ಪಟ್ಟಿ ಸೇರುವ ಜಾಗ. ಊಟ ಮುಗಿಸಿ ಹಿಂದಕ್ಕೆ ಒರಗುವವರ ಭಾರವೆಲ್ಲ ಅಲ್ಲಿಗೇ ಬೀಳುತ್ತದೆ. ಡೇನರು ಕೆಳಗಡೆ ಅಡ್ಡಪಟ್ಟಿಗಳನ್ನು ಇಟ್ಟದ್ದು ಅಂದಕ್ಕಲ್ಲ, ಆ ಭಾರವನ್ನು ಹಂಚಲಿಕ್ಕೆ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆ ಕಾಲದ ಡೇನಿಷ್ ಮೇಜುಗಳೆಲ್ಲ ಅಪ್ಪಟ ಗಟ್ಟಿ ಮರದವಲ್ಲ. 1960ರ ದಶಕದಲ್ಲಿ ಹೊರದೇಶಕ್ಕೆ ಹೋದ ತೇಗದ ಮೇಜುಗಳಲ್ಲಿ ಬಹಳಷ್ಟಕ್ಕೆ ಕಾಲು, ಅಂಚು ಮಾತ್ರ ಗಟ್ಟಿ ಮರ. ಮೇಲ್ಮೈ ತೆಳು ತೇಗದ ಪದರ. ಅದನ್ನು ಮೋಸ ಎನ್ನಲಾಗದು. ಪದರ ಹಚ್ಚುವುದೂ ಒಂದು ಕಸುಬೇ, ಅದನ್ನು ಅವರು ಅಚ್ಚುಕಟ್ಟಾಗಿ ಮಾಡಿದರು. ಪದರವನ್ನು ಗಟ್ಟಿ ಮರವೆಂದು ಮಾರಿದಾಗ ಮಾತ್ರ ಮೋಸ. ಕಂಡುಹಿಡಿಯುವುದು ಸುಲಭ: ಹಲಗೆಯ ತುದಿಯನ್ನು ನೋಡಿ. ಗಟ್ಟಿ ಮರವಾದರೆ ಮೇಲಿನ ಗೆರೆಗಳು ತುದಿಯಲ್ಲಿ ಉಂಗುರದ ತುಂಡುಗಳಾಗಿ ಇಳಿದಿರುತ್ತವೆ. ಮೇಲೆ ಒಂದು ಗೆರೆ, ತುದಿಯಲ್ಲಿ ಸಂಬಂಧವೇ ಇಲ್ಲದ ಇನ್ನೊಂದು ಗೆರೆ ಇದ್ದರೆ ಅದು ಪದರ. ಅಡಿಯ ಮೈಯನ್ನೂ ಮುಟ್ಟಿ ನೋಡಿ. ನಮ್ಮ ಸದಸ್ಯರೊಬ್ಬರು ಗಟ್ಟಿ ತೇಗವೆಂದು ಕೊಂಡ ಮೇಜಿನ ಕೆಳಗೆ ಕೈಯಾಡಿಸಿದಾಗ ಮರದ ಹುಡಿಯೇ ಬೆರಳಿಗೆ ಬಂತು.

ಡೇನರು ಹಲಗೆಗಳನ್ನು ಸರಿಸಮ ಜೋಡಿಸಿ, ಅಳತೆಯಲ್ಲಿ ಹಿಡಿದರು. ಇದೇ ಕಾಲದಲ್ಲಿ ಇದಕ್ಕೆ ಬೇರೆಯದೇ ದಾರಿ ಹಿಡಿದವರೊಬ್ಬರಿದ್ದರು. ಅವರಿಗೆ ನಮ್ಮ ದೇಶದ ನಂಟೂ ಉಂಟು. ಜಾರ್ಜ್ ನಕಾಶಿಮ ಅಮೆರಿಕದಲ್ಲಿ 1905ರಲ್ಲಿ ಹುಟ್ಟಿದ ಜಪಾನೀ ಮೂಲದ ವಾಸ್ತುಶಿಲ್ಪಿ. 1937ರಿಂದ ಎರಡು ವರ್ಷ ಪಾಂಡಿಚೇರಿಯ ಅರವಿಂದಾಶ್ರಮದಲ್ಲಿದ್ದು ಗೋಲ್ಕೊಂಡ ಎಂಬ ವಸತಿಗೃಹದ ಕಟ್ಟಡವನ್ನು ನೋಡಿಕೊಂಡರು, ಅದಕ್ಕೆ ತೇಗದ ಸಾಮಾನುಗಳನ್ನೂ ರೂಪಿಸಿದರು. ಆಶ್ರಮದಲ್ಲಿ ಅವರಿಗೆ ಸುಂದರಾನಂದ ಎಂಬ ಹೆಸರಿತ್ತು. ಮುಂದೆ ಯುದ್ಧಕಾಲದಲ್ಲಿ ಅಮೆರಿಕ ಸರ್ಕಾರ ಜಪಾನೀ ಮೂಲದವರನ್ನು ಶಿಬಿರಕ್ಕೆ ತಳ್ಳಿದಾಗ, 1942ರಲ್ಲಿ ಅಲ್ಲೇ ಇದ್ದ ಗೆಂಟಾರೋ ಹಿಕೊಗಾವ ಎಂಬ ಬಡಗಿಯಿಂದ ಕೈಕಸುಬನ್ನು ಕಲಿತರು. ಅನಂತರ ಪೆನ್ಸಿಲ್ವೇನಿಯದ ನ್ಯೂ ಹೋಪ್‌ನಲ್ಲಿ ನೆಲೆಸಿ ಮಾಡಿದ ಊಟದ ಮೇಜುಗಳಲ್ಲಿ ಮರದ ಅಂಚನ್ನು ನೇರ ಮಾಡದೆ ಹುಟ್ಟಿದ ಹಾಗೇ ಬಿಟ್ಟರು. ಬಿರುಕನ್ನು ಮುಚ್ಚಲಿಲ್ಲ, ಚಿಟ್ಟೆಯ ಆಕಾರದ ಗಟ್ಟಿ ಮರದ ತುಂಡನ್ನು ಅಡ್ಡಲಾಗಿ ಕೂರಿಸಿ, ಬಿರುಕು ಮುಂದೆ ಹೋಗದಂತೆ ಹಿಡಿದರು. 1964ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದು ಅಲ್ಲಿ ಪೀಠೋಪಕರಣಗಳನ್ನು ರೂಪಿಸಿದರು.

ಬೆಳೆಗಾರರಿಗೆ ನಕಾಶಿಮ ಅವರಿಂದ ಸಿಗುವ ಪಾಠ ಚಿಟ್ಟೆಯದಲ್ಲ, ದಿಮ್ಮಿಯದು. ದಿಮ್ಮಿಯನ್ನು ಕೊಯ್ಯುವಾಗ ಅವರು ಗರಗಸದ ಬಳಿ ತಾವೇ ನಿಲ್ಲುತ್ತಿದ್ದರು. ಒಂದೇ ಮರದ ಹಲಗೆಗಳನ್ನು ಕೊಯ್ದ ಕ್ರಮದಲ್ಲೇ ಪೇರಿಸಿ ವರ್ಷಗಟ್ಟಲೆ ಒಣಗಿಸುತ್ತಿದ್ದರು. ಮೇಜು ಚೆನ್ನಾಗಿ ಬರುವುದೂ ಕೆಡುವುದೂ ಅರ್ಧಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಒಣಗಿಸುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಕಣದಲ್ಲಿ ಕಾಫಿಯ ತೇವಾಂಶ ಶೇ. 10ರ ಆಸುಪಾಸಿಗೆ ಬರುವವರೆಗೆ ಕಾಯುವವರು ನಾವು. ಚಾಲಿ ಅಡಿಕೆಗೆ 40 ದಿನ ಬಿಸಿಲು ಕೊಡುವವರು ನಾವು. ಮರಕ್ಕೆ ಮಾತ್ರ ಈ ತಾಳ್ಮೆ ತೋರಿಸುವುದಿಲ್ಲ. ನಿನ್ನೆ ಕೊಯ್ಸಿದ ಹಸಿ ಹಲಗೆಯನ್ನು ಇವತ್ತು ಆಚಾರ್ರ ಮುಂದೆ ಹಾಕಿ, ಗೃಹಪ್ರವೇಶಕ್ಕೆ ಮೇಜು ಬೇಕು ಎನ್ನುತ್ತೇವೆ. ಮೇಜಿನ ಮರವೂ ಶೇ. 12ರೊಳಗೆ ಒಣಗಬೇಕು. ಡೆನ್ಮಾರ್ಕಿನ ಮನೆಗಳಲ್ಲಿ ಚಳಿಗಾಲಕ್ಕೆ ಒಳಗೆ ಬೆಂಕಿಯ ಶಾಖ ಇರುವುದರಿಂದ ಅವರು ಇನ್ನೂ ಕೆಳಗೆ, ಶೇ. 8ರ ಸುಮಾರಿಗೆ ಒಣಗಿಸುತ್ತಾರೆ. ಪರೀಕ್ಷೆ ಬೇಕಾದರೆ ಹಲಗೆಯ ನಡುವಿನಿಂದ ಒಂದು ಚಿಕ್ಕ ತುಂಡು ಕತ್ತರಿಸಿ ತೂಗಿ. ಒಲೆಯ ಶಾಖದಲ್ಲಿ, ಸುಡದಂತೆ, ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ ಮತ್ತೆ ತೂಗಿ. ಕಳೆದುಹೋದ ತೂಕವನ್ನು ಒಣ ತೂಕದಿಂದ ಭಾಗಿಸಿ ನೂರರಿಂದ ಗುಣಿಸಿದರೆ ತೇವಾಂಶ ಸಿಗುತ್ತದೆ.

ಸಿಲ್ವರ್ ಓಕ್ ಬಗ್ಗೆ ನಮ್ಮಲ್ಲಿ ತಾತ್ಸಾರವಿದೆ. ಮೆಣಸಿನ ಬಳ್ಳಿಗೆ ಆಸರೆ, ಕಾಫಿಗೆ ನೆರಳು, ಕಡೆಗೆ ಪ್ಲೈವುಡ್ಡು ಎಂದಷ್ಟೇ ಲೆಕ್ಕ. ತಿರುಳಿನಿಂದ ತೊಗಟೆಯ ಕಡೆಗೆ ಬರುವಂತೆ ಅದನ್ನು ಕೊಯ್ಸಿ ನೋಡಿ. ಹಲಗೆಯ ಮೈಮೇಲೆ ಲೇಸಿನ ಬಟ್ಟೆಯಂಥ ಹೊಳೆಯುವ ಚುಕ್ಕೆಗಳು ಏಳುತ್ತವೆ. ಅದರ ತವರಾದ ಆಸ್ಟ್ರೇಲಿಯದಲ್ಲಿ ಹಿಂದೆ ಈ ಚೆಲುವಿಗಾಗಿಯೇ ಅದನ್ನು ಪೀಠೋಪಕರಣಕ್ಕೆ ಬಳಸುತ್ತಿದ್ದರು. ಬೀಚ್‌ಗಿಂತ ಹಗುರ, ಸ್ವಲ್ಪ ಮೆದು. ಕುರ್ಚಿಯ ಕಾಲಿಗೆ ನಾನು ಒಪ್ಪುವುದಿಲ್ಲ, ಮೇಜಿನ ಮೇಲ್ಹಲಗೆಗೆ ಸಾಕು. ಕಾಲಿಗೆ ಹಳೆಯ ಹಲಸಿನ ಚೇಗು ಒಳ್ಳೆಯದು. ಸಿಲ್ವರ್‌ಗೆ ಗೆದ್ದಲು, ಹುಳುವಿನ ಕಾಟ ಇರುವುದು ನಿಜ. ಕೊಯ್ದ ಕೂಡಲೇ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ ತೆಗೆದರೆ ಹುಳುವಿನ ಭಯ ಬಹುಮಟ್ಟಿಗೆ ತಪ್ಪುತ್ತದೆ. ಅದರ ಹುಡಿ ಕೆಲವರ ಮೈಗೆ ಆಗುವುದಿಲ್ಲ, ತುರಿಕೆ ಏಳುತ್ತದೆ. ಆಚಾರ್ರಿಗೆ ಮೊದಲೇ ಹೇಳಿರಿ.

ಬೀಟೆಯ ಮಾತು ಬೇರೆ. ಡೇನರು ಮೆಚ್ಚಿದ ಬ್ರೆಜಿಲ್ ಬೀಟೆ ಕಾಡಿನಿಂದ ಬರಿದಾಗುತ್ತಾ ಬಂದು, 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೇ ತಡೆ ಬಿತ್ತು. 2017ರಿಂದ ನಮ್ಮ ಬೀಟೆಯೂ ಸೇರಿ ಆ ಕುಲದ ಉಳಿದ ಮರಗಳ ವ್ಯಾಪಾರಕ್ಕೂ ಅಂತರರಾಷ್ಟ್ರೀಯ ನಿಯಂತ್ರಣ ಬಂದಿದೆ. ತೋಟದ ಬೀಟೆ, ತೇಗಗಳನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದು ಎಲ್ಲರಿಗೂ ಗೊತ್ತೇ ಇದೆ. ಅಜ್ಜನ ಕಾಲದ ಬೀಟೆ ಮೇಜು ಮನೆಯಲ್ಲಿದ್ದರೆ, ಅದನ್ನು ಕೊಟ್ಟು ಹೊಸ ಸೆಟ್ಟು ತೆಗೆದುಕೊಳ್ಳಿ ಎಂದು ಊರೂರು ತಿರುಗುವ ವ್ಯಾಪಾರಿಗಳಿಗೆ ದಯವಿಟ್ಟು ಬಾಗಿಲು ತೆರೆಯಬೇಡಿ.

ಮೆರುಗಿನ ಬಗ್ಗೆ ಒಂದೆರಡು ಮಾತು. ಡೇನರು ಬೀಚ್, ಓಕ್ ಮರಕ್ಕೆ ಸೋಪಿನ ನೀರನ್ನು ಮತ್ತೆ ಮತ್ತೆ ಸವರುತ್ತಾರೆ, ತೇಗಕ್ಕೆ ಎಣ್ಣೆ. ಸೋಪಿನ ಪದ್ಧತಿ ನಮ್ಮ ಮಳೆಗಾಲದ ಬೂಸ್ಟಿಗೆ ತಡೆಯದು ಎಂದು ನನ್ನ ಅಭಿಪ್ರಾಯ. ಕಾಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ, ಪ್ರತಿ ಸಲವೂ ಚೆನ್ನಾಗಿ ಒಣಗಲು ಬಿಟ್ಟು, ಮೂರು ನಾಲ್ಕು ಬಾರಿ ಒರೆಸಿದರೆ ಸಾಕು. ಆದರೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಹೊರಗೆ ಹರವಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಎಫ್.ಡಿ.ಬಿ.ಯ ಕುರ್ಚಿಗಳು ಬೇರೆ ದೇಶಗಳಲ್ಲಿ ಈಗ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಒಳ್ಳೆಯ ಬೆಲೆಗೆ ಹೋಗುತ್ತವೆ. ನಡುವೆ ನಿಂತಿದ್ದ ಆ ಹೆಸರಿನ ತಯಾರಿಕೆಯನ್ನು 2013ರಲ್ಲಿ ಅಲ್ಲಿನ ಸಹಕಾರಿಗಳು ಮತ್ತೆ ಆರಂಭಿಸಿದರು. ನಮ್ಮ ಸಂಘ ಅಷ್ಟು ದೂರ ಯೋಚಿಸಿಲ್ಲ. ಆದರೆ ಕಳೆದ ಆಡಳಿತ ಮಂಡಲಿಯ ಸಭೆಯಲ್ಲಿ ಒಂದು ಚಿಕ್ಕ ಏರ್ಪಾಡಿಗೆ ಒಪ್ಪಿಗೆ ದೊರೆತಿದೆ. ಹಳೆಯ ಗೋದಾಮಿನ ಹಿಂದಿನ ಶೆಡ್ಡಿನಲ್ಲಿ ಸದಸ್ಯರು ತಮ್ಮ ಸ್ವಂತ ತೋಟದ ಹಲಗೆಗಳನ್ನು ಎರಡು ಬೇಸಿಗೆ ಒಣಗಿಸಲು ಇಡಬಹುದು. ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ನಮ್ಮ ಮಳೆಗೆ ಇನ್ನೊಂದು ಬೇಸಿಗೆ ಸೇರಿಸಿಕೊಳ್ಳುವುದೇ ಒಳ್ಳೆಯದು. ಹಲಗೆಗಳನ್ನು ಬೇಸಿಗೆಯಲ್ಲೇ ಕಡಿಸಿ, ತಡಮಾಡದೆ ಕೊಯ್ಸಿ, ಎರಡೂ ತುದಿಗೆ ಬಣ್ಣ ಬಳಿದು ತರಬೇಕು. ಇಲ್ಲದಿದ್ದರೆ ತುದಿಯಿಂದ ಸೀಳು ಬರುತ್ತದೆ. ನೆಲದಿಂದ ಒಂದೂವರೆ ಅಡಿ ಮೇಲೆ, ಎರಡೆರಡು ಅಡಿಗೆ ಒಂದರಂತೆ ಅಂಗುಲದ ಪಟ್ಟಿಗಳನ್ನು ಒಂದರ ನೇರಕ್ಕೊಂದು ಇಟ್ಟು ಪೇರಿಸುವ ಕೆಲಸವನ್ನು ಸಂಘದ ಆಳುಗಳೇ ಮಾಡಿಕೊಡುತ್ತಾರೆ. ಜಾಗ ಕಡಿಮೆ ಇರುವುದರಿಂದ ಆಸಕ್ತರು ಮಾರ್ಚ್ ತಿಂಗಳ ಕೊನೆಯೊಳಗೆ ಕಚೇರಿಯಲ್ಲಿ ಹೆಸರು ಬರೆಸಬೇಕಾಗಿ ಕೋರಿಕೆ. ಪ್ರತಿ ಹಲಗೆಯ ಮೇಲೂ ಸದಸ್ಯತ್ವದ ಸಂಖ್ಯೆಯನ್ನು ಕಾಣುವಂತೆ ಬರೆದಿರಬೇಕು.